ಹಿನ್ನೀರು ಗದ್ದೆ ಅಂಚಿಗೆ ಬಂತು, ಗಾಳಕ್ಕೆ ಒಂದೂ ಕಚ್ತಿಲ್ಲ. ಎಲ್ಲಿ ಹಾಕಬೇಕು?

ಹೊಸನಗರ ಗಾಳ
ಎಲ್ಲರಿಗೂ ನಮಸ್ಕಾರ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಗಾಳ ಹಾಕುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಬೇಸಿಗೆಯಲ್ಲಿ ನಾನು ಕೂರುವ ಜಾಗ ಒಂದು ಬಂಡೆ. ಅದರ ಮುಂದೆ ನೀರು ಒಮ್ಮೆಲೇ ಆಳಕ್ಕೆ ಇಳಿಯುತ್ತೆ, ಪಕ್ಕದಲ್ಲಿ ಹಳೇ ಮರದ ಬೊಡ್ಡೆಗಳು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕೂತರೆ ಗೆಂಡೆಯೋ ಜಿಲೇಬಿಯೋ ಏನಾದರೂ ಸಿಕ್ಕೇ ಸಿಗುತ್ತಿತ್ತು.

ಈಗ ಆ ಬಂಡೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ. ನೀರು ಗದ್ದೆ ಅಂಚಿಗೆ ಬಂದು ನಿಂತಿದೆ. ಹಳ್ಳ ಸೇರುವ ಕಡೆಯೆಲ್ಲ ಕೆಂಪು ನೀರು. ದಡದಲ್ಲಿ ನಿಂತು ಕೈಲಾದಷ್ಟು ದೂರ ಎಸೆಯುತ್ತೇನೆ, ದಾರಕ್ಕೆ ಕಟ್ಟಿದ ಬೆಂಡು ಅಲ್ಲಾಡುವುದಿಲ್ಲ. ರಾಗಿ ಮುದ್ದೆ ಹಾಕಿದೆ, ಎರೆಹುಳು ಹಾಕಿದೆ. ಊಹೂಂ. ಎಲ್ಲಿ ಹಾಕಬೇಕು, ಏನು ಹಾಕಬೇಕು? ನೀರು ತಿಳಿಯಾಗುವವರೆಗೆ ಕಾಯಲೇಬೇಕಾ?

ಮುಂಗಾರಿನಲ್ಲಿ ಮೀನು ಹಿಡಿಯಬಾರದು ಅನ್ನುವ ನಿಷೇಧದ ದಿನ ಮುಗಿದಿದೆ. ಹಾಗಾಗಿ ಆ ಜಗಳ ಇಲ್ಲಿ ಬೇಡ ಅಂತ ಮೊದಲೇ ಕೈಮುಗಿಯುತ್ತೇನೆ.

ಸುಮ್ನೆ ಬಂದವ
ಅಕ್ಟೋಬರ್ ತನಕ ಮನೇಲಿರಿ. ಮುಗೀತು.

ತುಮರಿ ಕಡೆಯವ
ಮನೇಲಿರುವುದು ಯಾಕೆ ಮಾರಾಯ್ರೆ, ವರ್ಷದಲ್ಲಿ ದಡದಿಂದ ಹಿಡಿಯೋಕೆ ಒಳ್ಳೇ ಕಾಲವೇ ಇದು.

ಹೊಸನಗರದವರೇ, ನೀವು ದೂರ ಎಸೆಯುತ್ತಿದ್ದೀರಿ ಅಂದಿರಲ್ಲ, ಅಲ್ಲೇ ಇರೋದು ವಿಷಯ. ಬೇಸಿಗೆಯಲ್ಲಿ ನೀರು ಕಡಿಮೆ. ದಡ ಅಂದ್ರೆ ಬರೀ ಕೆಂಪು ಮಣ್ಣು, ಜಲ್ಲಿಕಲ್ಲು. ಅಲ್ಲಿ ಮೀನಿಗೆ ತಿನ್ನೋಕೆ ಏನೂ ಇಲ್ಲ, ಅದಕ್ಕೇ ಅದು ಆಳದಲ್ಲಿ ಬೊಡ್ಡೆ ಹತ್ತಿರ ಇರುತ್ತೆ. ಮಳೆ ಬಿದ್ದ ಮೇಲೆ ನೀರು ಹುಲ್ಲಿನ ಮೇಲೆ ಹತ್ತುತ್ತೆ. ಆ ಹುಲ್ಲಲ್ಲಿ ಇದ್ದ ಎರೆಹುಳು, ಮಿಡತೆ, ಇರುವೆ ಮೊಟ್ಟೆ, ಬಸವನಹುಳು ಎಲ್ಲಾ ನೀರಿನ ಪಾಲು. ಮೀನು ಅದನ್ನು ಬಿಟ್ಟು ನಡು ಹಿನ್ನೀರಲ್ಲಿ ಯಾಕೆ ಕೂರುತ್ತೆ? ನೀವು ಕಾಲಿಟ್ಟು ನಿಂತಿರುವ ಜಾಗದಲ್ಲೇ, ಮೊಣಕಾಲುದ್ದ ನೀರಿನಲ್ಲೇ ಅದು ಮೇಯುತ್ತಿರುತ್ತೆ. ನೀವು ಧಡಧಡ ನಡೆದು ಹೋಗಿ ಅದನ್ನು ಓಡಿಸಿ, ಆಮೇಲೆ ದೂರ ಎಸೆಯುತ್ತೀರಿ.

ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಹೋಗಿ. ನೀರಿಂದ ಹತ್ತು ಹೆಜ್ಜೆ ಹಿಂದೆಯೇ ನಿಂತು ಸುಮ್ನೆ ನೋಡಿ. ಗಾಳಿ ಇಲ್ಲದಿದ್ದರೂ ಮುಳುಗಿದ ಹುಲ್ಲಿನ ತುದಿ ಒಂದೊಂದೇ ಅಲ್ಲಾಡುತ್ತಾ ಸಾಲಾಗಿ ಮುಂದೆ ಹೋಗುತ್ತದೆ. ಅದು ಗೆಂಡೆ. ಬೆಂಡು ಎರಡಡಿಗಿಂತ ಆಳ ಬೇಡ, ಸೀಸ ಬೇಡವೇ ಬೇಡ. ವಾಟೆ ಕೋಲು ಸಾಕು, ರೀಲು ಮನೇಲಿಡಿ.

ಲಕ್ಕವಳ್ಳಿ ಭದ್ರ
ತುಮರಿಯವರು ಹೇಳಿದ್ದು ಅರ್ಧ ಸರಿ. ನೀರು ಏರುವಾಗ ಮಾತ್ರ ಮೀನು ಅಂಚಿಗೆ ಬರುತ್ತೆ. ನೀರು ಇಳಿಯೋಕೆ ಶುರುವಾದ ದಿನವೇ ಅದಕ್ಕೆ ಗೊತ್ತಾಗುತ್ತೆ. ಅರ್ಧ ಅಡಿ ಇಳಿದರೂ ಸಾಕು, ದೊಡ್ಡ ಮೀನು ಹುಲ್ಲು ಬಿಟ್ಟು ಆಳದ ಕಡೆ ಹೊರಟುಬಿಡುತ್ತೆ. ಸಣ್ಣವು ಮಾತ್ರ ಉಳಿಯುತ್ತವೆ.

ನಮ್ಮ ಭದ್ರಾ ಡ್ಯಾಮಿನ ಪೂರ್ಣ ಮಟ್ಟ 186 ಅಡಿ. ತುಂಬಿ ಗೇಟು ತೆಗೆದರು ಅಂದ್ರೆ ನಾನು ಅಂಚು ಬಿಟ್ಟು ಹಳ್ಳದ ಬಾಯಿಗೆ ಹೋಗುತ್ತೇನೆ. ನಿಮ್ಮದು ಸಮುದ್ರಮಟ್ಟದ ಲೆಕ್ಕದಲ್ಲಿ 1819 ಅಡಿ ಅಲ್ವಾ? ಜಲಾಶಯ ಮಟ್ಟ ದಿನಾ ಪೇಪರಲ್ಲಿ ಬರುತ್ತೆ, ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಿ ನೋಡಿ ಮನೆಯಿಂದ ಹೊರಡಿ. ಅಮಾವಾಸ್ಯೆ ಹುಣ್ಣಿಮೆ ನೋಡುವುದಕ್ಕಿಂತ ಅದು ಒಳ್ಳೇದು.

ಹೊಸಪೇಟೆ ಮಂದಿ
ಭದ್ರದವರ ಮಾತು ಖರೇ ರೀ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಿತ್ತು ಗೇಟು ಹೋಯ್ತಲ್ಲ, ಅದರ ಜಾಗಕ್ಕೆ ತಾತ್ಕಾಲಿಕ ಗೇಟಿನ ಎಲಿಮೆಂಟು ಕೂರಿಸುವವರೆಗೆ ನೀರು ಬಿಡುತ್ತಲೇ ಇದ್ದರು. ಡ್ಯಾಂ ತುಂಬಿ ಅಂಚಿನ ಜಾಲಿಗಿಡ ಎಲ್ಲಾ ಮುಳುಗಿ ಗಾಳಕ್ಕೆ ಭಾರಿ ಹೊತ್ತು ಬಂದಿತ್ತು. ನೀರು ಹಿಂದಕ್ಕೆ ಸರಿದಿದ್ದೇ ತಡ, ಜಾಲಿ ಬುಡದಲ್ಲಿ ಒಂದು ಪರಕೆ ಮೀನೂ ಇಲ್ಲ.

ಸುಮ್ನೆ ಬಂದವ
ಅಂದ್ರೆ ಗೇಟು ಮುರಿಯಬಾರದು ಅಂತ ತಾತ್ಪರ್ಯ.

ಮುಳುಗಡೆ ಮೊಮ್ಮಗಳು
ಇಲ್ಲಿ ಗಂಡಸರೇ ಮಾತಾಡ್ತಿದ್ದೀರಿ, ನಾನೂ ಒಂದು ಹೇಳುತ್ತೇನೆ. ನಾನು ಗಾಳ ಹಿಡಿದದ್ದು ಅಜ್ಜನ ಜೊತೆ. ನಮ್ಮ ಅಜ್ಜನ ಮನೆ, ತೋಟ, ಗದ್ದೆ ಎಲ್ಲಾ 1964ರ ಮುಳುಗಡೆಯಲ್ಲಿ ಹೋದದ್ದು. ಅಜ್ಜ ದೋಣಿಯಲ್ಲಿ ಕೂತು "ಇಲ್ಲಿ ನಮ್ಮ ಕಣ, ಅಲ್ಲಿ ಕೆರೆ ಏರಿ, ಆಚೆ ಗಾಡಿ ದಾರಿ" ಅಂತ ಬರೀ ನೀರು ತೋರಿಸುತ್ತಿದ್ದರು. ನನಗೆ ಆಗ ನಗು ಬರುತ್ತಿತ್ತು. ಆದರೆ ಅವರು ಗಾಳ ಬಿಡುತ್ತಿದ್ದದ್ದು ಅದೇ ಜಾಗಗಳಲ್ಲಿ.

ಹಿನ್ನೀರಿನ ತಳ ಸಪಾಟಾಗಿಲ್ಲ. ಕೆಳಗೆ ಊರಿದೆ. ಕೆರೆ ಏರಿ, ಗದ್ದೆ ಬದು, ಅಡಿಕೆ ತೋಟದ ಕಪ್ಪು (ಬಸಿಗಾಲುವೆ), ಹಳೇ ರಸ್ತೆಯ ಮೋರಿ. ನೀರು ಏರಿದಾಗ ಮೀನು ಆಳದಿಂದ ಅಂಚಿಗೆ ಬರುವುದು, ವಾಪಸ್ ಹೋಗುವುದು ಎಲ್ಲಾ ಈ ಬದು, ಕಪ್ಪಿನ ಗುಂಟ. ಸುಮ್ನೆ ಬಯಲಿನಲ್ಲಿ ಅಡ್ಡಾಡುವುದಿಲ್ಲ.

ಅದಕ್ಕೆ ಮಾಡಬೇಕಾದ್ದು ಬೇಸಿಗೆಯ ಕೆಲಸ. ಮೇ ತಿಂಗಳಲ್ಲಿ ನೀರು ಇಳಿದಾಗ ಕಾಲ್ನಡಿಗೆಯಲ್ಲಿ ಹೋಗಿ. ಲಿಂಗನಮಕ್ಕಿಗೂ ಮೊದಲು ಕಟ್ಟಿ ಈಗ ಮುಳುಗಿರುವ ಹಳೇ ಹಿರೇಭಾಸ್ಕರ ಡ್ಯಾಮೇ ಎದ್ದು ಕಾಣುವಷ್ಟು ನೀರು ಇಳಿದ ವರ್ಷವಂತೂ ಬಿಡಲೇಬೇಡಿ. ಬದು ಎಲ್ಲಿ ಮುರಿದಿದೆ, ಮೋರಿ ಎಲ್ಲಿದೆ, ಬೊಡ್ಡೆ ಎಷ್ಟಿದೆ, ಎಲ್ಲದಕ್ಕೂ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಈಗ ಮಳೆಗಾಲದಲ್ಲಿ ಆ ಗುರುತು ತೆರೆದು ನಿಂತರೆ ಎಲ್ಲಿ ಎಸೆಯಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಹೊಸನಗರ ಗಾಳ
ಅಕ್ಕಾ, ಇದು ಹೊಳೆದಿರಲೇ ಇಲ್ಲ. ಈ ವರ್ಷದ ಬೇಸಿಗೆ ಹೋಯ್ತು. ಈಗ ಏನು ಮಾಡಲಿ?

ಮುಳುಗಡೆ ಮೊಮ್ಮಗಳು
ಊರಿನ ಹಿರಿಯರನ್ನು ಕೇಳಿ. ಎಲೆ ಅಡಿಕೆ ತಗೊಂಡು ಹೋಗಿ. ಸಂಜೆವರೆಗೂ ಹೇಳ್ತಾರೆ, ಎದ್ದು ಬರೋದೇ ಕಷ್ಟ ಆಗುತ್ತೆ. ಇಲ್ಲದಿದ್ದರೆ ಉಪಗ್ರಹ ಚಿತ್ರದಲ್ಲಿ ಹಿಂದಿನ ವರ್ಷಗಳ ಬೇಸಿಗೆಯ ಚಿತ್ರ ನೋಡಿ. ಹಳೇ ರಸ್ತೆ ಗೆರೆಯಾಗಿ ಕಾಣುತ್ತೆ.

ಹಿಂಡಿ ಅಂಗಡಿ
ಜಾಗ ಆಯ್ತು, ಇನ್ನು ಎರೆ, ಅಂದ್ರೆ ಗಾಳಕ್ಕೆ ಚುಚ್ಚುವ ತಿನಿಸು. ರಾಗಿ ಮುದ್ದೆ ತಿಳಿನೀರಿಗೆ. ಕೆಂಪು ನೀರಲ್ಲಿ ಮೀನಿಗೆ ಕಣ್ಣು ಕಾಣಲ್ಲ, ಮೂಗು ಮತ್ತು ಮೀಸೆಯೇ ದಾರಿ. ಆದ್ದರಿಂದ ವಾಸನೆ ಬೇಕು.

ಶೇಂಗಾ ಹಿಂಡಿ ಪುಡಿ, ಅಕ್ಕಿ ತೌಡು, ಸ್ವಲ್ಪ ಬೆಲ್ಲ. ಬಿಸಿನೀರಲ್ಲಿ ಕಲಸಿ ಒಂದು ರಾತ್ರಿ ಮುಚ್ಚಿಡಿ, ಸ್ವಲ್ಪ ಹುಳಿ ಬರಬೇಕು. ಗಾಳಕ್ಕೆ ಹಿಡಿಯಲು ಗೋಧಿ ಹಿಟ್ಟು ಸೇರಿಸಿ. ಸೋಂಪು ಕುಟ್ಟಿ ಹಾಕಿದರೆ ಇನ್ನೂ ಒಳ್ಳೇದು. ಇದೇ ಹಿಂಡಿಯ ಎರಡು ಉಂಡೆ ಮೊದಲು ಜಾಗಕ್ಕೆ ಎಸೆದು ಅರ್ಧ ಗಂಟೆ ಬಿಟ್ಟು ಗಾಳ ಹಾಕಿ.

ಎರೆಹುಳು ಒಂದೇ
ಈ ಸೋಂಪು, ಏಲಕ್ಕಿ, ವೆನಿಲ್ಲಾ ಎಲ್ಲಾ ಮನುಷ್ಯರ ಮೂಗಿಗೆ. ಹೊಸ ನೀರು ಬಂದಾಗ ಎರೆಹುಳು ಬಿಟ್ಟರೆ ಬೇರೆ ಇಲ್ಲ. ನೀರು ಹತ್ತಿದ ನೆಲದಿಂದ ಏನು ಹೊರಗೆ ಬರುತ್ತದೋ ಅದನ್ನೇ ಮೀನು ಹುಡುಕುತ್ತಿರುತ್ತೆ. ಗೊಬ್ಬರಗುಂಡಿ ಪಕ್ಕ ಅಗೆದು ತಂದ ಹುಳು, ಎರಡು ಮೂರು ಒಟ್ಟಿಗೆ ಚುಚ್ಚಿ. ತುದಿ ಅಲ್ಲಾಡುವ ಹಾಗೆ ಬಿಡಿ.

ಹಿಂಡಿ ಅಂಗಡಿ
ಎರೆಹುಳು ಹಾಕಿದರೆ ಮೊದಲು ಬರೋದು ಏಡಿ, ಆಮೇಲೆ ಸಣ್ಣ ಪರಕೆ, ಆಮೇಲೆ ಮತ್ತೆ ಏಡಿ. ಹುಳು ಡಬ್ಬಿ ಖಾಲಿ, ಚೀಲವೂ ಖಾಲಿ.

ಎರೆಹುಳು ಒಂದೇ
ನಿಮ್ಮ ಅಂಗಡಿಯ ಹಿಂಡಿ ಖಾಲಿ ಆಗಬೇಕಲ್ಲ, ಹೇಳ್ತೀರಿ ಬಿಡಿ 😄

ಮೀನುಮರಿ ಮೇಷ್ಟ್ರು
ಇಬ್ಬರೂ ಯಾವ ಮೀನು ಅಂತಲೇ ಹೇಳದೆ ಜಗಳ ಆಡುತ್ತಿದ್ದೀರಿ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತೆ. ಬಾಯಿ ಮೇಲ್ಮುಖ, ತಿನ್ನೋದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ತಳದಲ್ಲಿ ಎರೆಹುಳು ಇಟ್ಟು ಕಾಟ್ಲಾಕ್ಕೆ ಕಾಯುವುದು ದಂಡ. ರೋಹು ನಡುನೀರು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕುವ ಮೀನು. ಅಂಚಿನ ಹುಲ್ಲಿಗೆ ಜಾಸ್ತಿ ಬರೋದು ಗೆಂಡೆ, ಅದಕ್ಕೆ ಹುಳುವೂ ಆಗುತ್ತೆ ಹಿಂಡಿಯೂ ಆಗುತ್ತೆ. ಕಾಟ್ಲಾ ಬೇಕಾದರೆ ಹಿಂಡಿ ಉಂಡೆ ನೀರಲ್ಲಿ ಕರಗಿ ಮೋಡ ಕಟ್ಟಬೇಕು, ಅದರ ನಡುವೆ ಗಾಳ ಇರಬೇಕು.

ಇನ್ನೊಂದು. ಗೆಂಡೆ ಕಚ್ಚಿದಾಗ ಬೆಂಡು ಯಾವಾಗಲೂ ಮುಳುಗುವುದಿಲ್ಲ. ಅದು ತಲೆ ಕೆಳಗೆ ಮಾಡಿ ಎರೆ ಎತ್ತಿ, ತಲೆ ಮೇಲೆ ಮಾಡುತ್ತೆ. ನೆಟ್ಟಗೆ ನಿಂತಿದ್ದ ಬೆಂಡು ಮೆಲ್ಲಗೆ ಎದ್ದು ನೀರ ಮೇಲೆ ಅಡ್ಡ ಮಲಗುತ್ತೆ. ಆಗಲೇ ಎಳೆಯಬೇಕು. ಮುಳುಗಲಿ ಅಂತ ಕಾಯುವವರೇ "ಕಚ್ತಿಲ್ಲ" ಅನ್ನೋದು.

ಹೊಸನಗರ ಗಾಳ
ಮೇಷ್ಟ್ರೇ, ಬೆಂಡು ಅಡ್ಡ ಮಲಗಿದ್ದು ನೋಡಿದ್ದೇನೆ. ದಾರ ಸಡಿಲ ಆಯ್ತು ಅಂತ ಎತ್ತಿ ಮತ್ತೆ ಹಾಕುತ್ತಿದ್ದೆ.

ತುಮರಿ ಕಡೆಯವ
🤦 ಮೀನು ಪಾಪ ಕೈಯೆತ್ತಿ ಕರೆದಿದೆ, ನೀವು ನೋಡಿಲ್ಲ.

ಡಲ್ಲಾಸ್ ಸಾಗರದವ
ನಾನು ಸಾಗರದವನು, ಈಗ ಟೆಕ್ಸಾಸ್. ಓದಿ ಖುಷಿಯಾಯ್ತು, ಇಲ್ಲಿಯೂ ಥೇಟ್ ಇದೇ ಚರ್ಚೆ. ಡಲ್ಲಾಸ್‌ನ ಉತ್ತರಕ್ಕೆ ಲೇಕ್ ಟೆಕ್ಸೋಮಾ ಅಂತ ದೊಡ್ಡ ಜಲಾಶಯ ಇದೆ. ರೆಡ್ ರಿವರ್‌ಗೆ ಡೆನಿಸನ್ ಡ್ಯಾಂ ಕಟ್ಟಿ ಮಾಡಿದ್ದು. ಮಾಮೂಲಿ ಮಟ್ಟ 617 ಅಡಿ ಸುಮಾರು, ಕೋಡಿ 640 ಅಡಿ. ಇಲ್ಲಿ ನೀರು ಏರುವುದು ವಸಂತದಲ್ಲಿ, ಏಪ್ರಿಲ್, ಮೇ ಮಳೆಗೆ. 2015ರಲ್ಲಿ ಕೋಡಿಯೇ ಬಿದ್ದಿತ್ತು.

ವಸಂತದಲ್ಲಿ ನೀರು ಬೆಚ್ಚಗಾಗಿ ಸುಮಾರು 18 ಡಿಗ್ರಿ ದಾಟಿದಾಗ ಬಾಸ್ ಮೀನು ಮೊಟ್ಟೆ ಇಡಲು ಅಂಚಿಗೆ ಬರುತ್ತೆ. ಅದೇ ಹೊತ್ತಿಗೆ ನೀರೂ ಏರಿದರೆ ದಡದ ವಿಲೋ ಪೊದೆ ಎಲ್ಲಾ ಮುಳುಗುತ್ತೆ. ದೋಣಿ ಇಟ್ಟವರು ಬೇಸಿಗೆಯ ಆಳದ ಜಾಗಕ್ಕೆ ಹೋಗಿ ಖಾಲಿ ಕೈಯಲ್ಲಿ ಬರ್ತಾರೆ. ಗೊತ್ತಿದ್ದವರು ಪೊದೆ ಒಳಗೇ ಗಾಳ ಇಳಿಸ್ತಾರೆ. ತುಮರಿಯವರು ಹೇಳಿದ ಮೊಣಕಾಲುದ್ದ ನೀರಿನ ಲೆಕ್ಕ ಇಲ್ಲೂ ಹಾಗೇ.

ಇನ್ನೊಂದು ಸ್ವಾರಸ್ಯ. ಇಲ್ಲಿನ ಸ್ಟ್ರೈಪ್ಡ್ ಬಾಸ್ ಮೂಲತಃ ಸಮುದ್ರದಿಂದ ನದಿಗೆ ಹತ್ತುವ ಮೀನು. ಅದರ ಮೊಟ್ಟೆ ಹರಿಯುವ ನೀರಿನಲ್ಲಿ ತೇಲುತ್ತಲೇ ಒಡೆಯಬೇಕು, ತಳಕ್ಕೆ ಕೂತರೆ ಸತ್ತಂತೆ. ಬಹಳ ಜಲಾಶಯಗಳಲ್ಲಿ ಅದು ಮರಿ ಮಾಡುವುದಿಲ್ಲ, ಇಲಾಖೆಯೇ ಮರಿ ಬಿಡಬೇಕು. ಟೆಕ್ಸೋಮಾಕ್ಕೆ ರೆಡ್, ವಾಶಿಟಾ ಎಂಬ ಎರಡು ಉದ್ದದ ನದಿ ಸೇರುವುದರಿಂದ ಅಲ್ಲಿ ತಾನೇ ಸಂತಾನ ಮಾಡುತ್ತೆ.

ಮೀನುಮರಿ ಮೇಷ್ಟ್ರು
ನಮ್ಮ ಕಾಟ್ಲಾ, ರೋಹು, ಮೃಗಾಲ್ ಕತೆಯೂ ಅದೇ ನೋಡಿ. ನಿಂತ ನೀರಿನಲ್ಲಿ ಮೊಟ್ಟೆ ಇಡಲ್ಲ, ಮುಂಗಾರಿನ ಹರಿಯುವ ಹೊಸ ನೀರು ಬೇಕು. ಅದಕ್ಕೇ ಜಲಾಶಯಗಳಿಗೆ ಇಲಾಖೆ ಮೀನುಮರಿ ಬಿತ್ತನೆ ಮಾಡೋದು. ನಿಮಗೆ ಅಲ್ಲಿ ವಸಂತ ಹೇಗೋ ನಮ್ಮ ಮೀನಿಗೆ ಜೂನ್, ಜುಲೈ ಹಾಗೆ. ಸಾಮಾನ್ಯ ಗೆಂಡೆ ಮಾತ್ರ ನಿಂತ ನೀರಿನ ಹುಲ್ಲಿಗೇ ಮೊಟ್ಟೆ ಅಂಟಿಸುತ್ತೆ, ಅದರ ಸಂತಾನ ಎಲ್ಲೆಂದರಲ್ಲಿ.

ಸುಮ್ನೆ ಬಂದವ
ಡಲ್ಲಾಸ್ ಅಣ್ಣ, ಅಲ್ಲಿ ಗಾಳಕ್ಕೂ ಲೈಸೆನ್ಸ್ ಬೇಕಂತೆ ಹೌದಾ?

ಡಲ್ಲಾಸ್ ಸಾಗರದವ
ಬೇಕೇ ಬೇಕು. ಟೆಕ್ಸೋಮಾ ಎರಡು ರಾಜ್ಯದ ಗಡಿಯಲ್ಲಿದೆ. ಅದಕ್ಕಾಗಿ ಎರಡೂ ಕಡೆ ನಡೆಯುವ ಬೇರೆ ಲೈಸೆನ್ಸೇ ಇದೆ. ವಾರ್ಡನ್ ಬಂದು ಮೀನು ಎಣಿಸ್ತಾನೆ, ಅಳತೆ ಪಟ್ಟಿ ಇಟ್ಟು ನೋಡ್ತಾನೆ. ಮಿತಿ ದಾಟಿದರೆ ದಂಡ.

ಕೂಣಿ ಗೌಡ
ನಮ್ಮಲ್ಲಿ ಅಳತೆ ಪಟ್ಟಿ ಬೇಡ, ತೋಟೆ (ಸಿಡಿಮದ್ದು) ಹಾಕುವವರನ್ನು ಹಿಡಿದರೆ ಸಾಕು.

ಮೇಲೆ ಯಾರೋ ಜೂನ್, ಜುಲೈ ಅಂದರು, ಅದಕ್ಕೆ ಬರೆಯುತ್ತೇನೆ. ಹತ್ತುಮೀನು, ಅಂದ್ರೆ ಮೊಟ್ಟೆ ಇಡಲು ಹೊಳೆಯಿಂದ ಮೇಲೆ ಹತ್ತುವ ಮೀನು, ಹಿಡಿಯಬಾರದು ಅಂತ ಈಗ ಎಲ್ಲರೂ ಉಪದೇಶ ಮಾಡ್ತಾರೆ. ನಮ್ಮ ಮನೆಯಲ್ಲಿ ಮೊದಲ ಮಳೆಗೆ ಗದ್ದೆ ಬದುವಿನ ಕಂಡಿಗೆ ಕೂಣಿ (ಮೀನು ಹಿಡಿಯುವ ಬಿದಿರು ಬುಟ್ಟಿ) ಇಡೋದು ಅಪ್ಪ, ಅಜ್ಜನ ಕಾಲದಿಂದ ಬಂದದ್ದು. ಒಂದು ಸಾರಿಗೆ ಆಗುವಷ್ಟು ಹಿಡೀತಿದ್ದೆವು, ನೆರೆಮನೆಗೆ ಕೊಡ್ತಿದ್ದೆವು. ಅಷ್ಟಕ್ಕೆ ಹೊಳೆ ಖಾಲಿ ಆಗಿರಲಿಲ್ಲ. ಹೊಳೆ ಖಾಲಿ ಮಾಡಿದ್ದು ತೋಟೆ, ಬ್ಲೀಚಿಂಗ್ ಪೌಡರ್, ಕರೆಂಟ್ ತಂತಿ ಬಿಡುವವರು. ಜೊತೆಗೆ ಶುಂಠಿ ಗದ್ದೆಯ ಔಷಧಿ. ಅವರನ್ನು ಬಿಟ್ಟು ಬಿದಿರು ಬುಟ್ಟಿಯ ಮೇಲೆ ಸಿಟ್ಟು.

ಹೊಸನಗರ ಗಾಳ
ಗೌಡ್ರೇ, ಆ ಜಗಳ ಬೇಡ ಅಂದಿದ್ದೆ...

ಸೊಪ್ಪಿನ ಬೆಟ್ಟ
ಬಂದಾಯ್ತಲ್ಲ, ಮಾತಾಡಿಬಿಡೋಣ. ಒಂದು ಕೆ.ಜಿ. ತೂಗುವ ರೋಹು ಹೊಟ್ಟೆಯಲ್ಲಿ 2 ಲಕ್ಷಕ್ಕೂ ಜಾಸ್ತಿ ಮೊಟ್ಟೆ ಇರುತ್ತವೆ. ಹತ್ತುವಾಗ ಹಿಡಿದರೆ ಅಷ್ಟೂ ನಿಮ್ಮ ಸಾರಿನ ಪಾತ್ರೆಗೆ. ಅಜ್ಜನ ಕಾಲದಲ್ಲಿ ಊರಿಗೆ ನಾಲ್ಕು ಕೂಣಿ ಇದ್ದವು. ಈಗ ಮೊದಲ ಮಳೆ ಬಿದ್ದ ರಾತ್ರಿ ಪೇಟೆಯಿಂದ ಜೀಪು ಮಾಡಿಕೊಂಡು, ತಲೆಗೆ ಟಾರ್ಚು ಕಟ್ಟಿಕೊಂಡು, ಕತ್ತಿ ಹಿಡಿದು ಬರ್ತಾರೆ. ಹಳ್ಳದ ಎರಡೂ ದಡಕ್ಕೆ ಬಲೆ. ಒಂದು ಮೀನೂ ಮೇಲೆ ಹೋಗಲ್ಲ. ಅದನ್ನೂ "ಮಲೆನಾಡ ಸಂಪ್ರದಾಯ" ಅಂತ ವಿಡಿಯೊ ಹಾಕ್ತಾರೆ.

ಕೂಣಿ ಗೌಡ
ಜೀಪಿನವರ ಬಗ್ಗೆ ನನ್ನದೂ ತಕರಾರಿದೆ. ನಮ್ಮ ಗದ್ದೆ ಬದುವನ್ನೇ ತುಳಿದು ಒಡೆದು ಹೋದರು. ಕೇಳಿದ್ದಕ್ಕೆ ನಮಗೇ ಜೋರು.

ಮುಳುಗಡೆ ಮೊಮ್ಮಗಳು
ಗೌಡ್ರೇ, ನಮ್ಮಜ್ಜ ಕೂಣಿಯ ಬಾಯಿ ತಿರುಗಿಸಿ ಇಡುತ್ತಿದ್ದರು. ಹತ್ತುವಾಗ ಕಂಡಿ ಬಿಟ್ಟು ಕೊಡೋದು. ಮೊಟ್ಟೆ ಇಟ್ಟು, ಮಳೆ ಬಿಡುವು ಕೊಟ್ಟಾಗ ಗದ್ದೆ ನೀರು ಇಳಿಯುತ್ತದಲ್ಲ, ಆಗ ವಾಪಸ್ ಬರುವ ಮೀನು ಹಿಡಿಯೋದು. ಸ್ವಲ್ಪ ಬಡಕಲಾಗಿರುತ್ತೆ, ರುಚಿ ಕಡಿಮೆ. ಆದರೆ ಮುಂದಿನ ವರ್ಷವೂ ಮೀನು ಇರುತ್ತೆ.

ಕೂಣಿ ಗೌಡ
ಬಡಕಲು ಮೀನಿಗೆ ಮಸಾಲೆ ದಂಡ ತಂಗಿ. ನಾನು ಒಪ್ಪಲ್ಲ. ನಿಮ್ಮಜ್ಜ ದೊಡ್ಡವರು, ಅದನ್ನು ಒಪ್ಪುತ್ತೇನೆ.

ಲಕ್ಕವಳ್ಳಿ ಭದ್ರ
ಸಂಪ್ರದಾಯವೋ ಅಲ್ಲವೋ, ಮೊಟ್ಟೆ ಇಡುವ ಕಾಲದ ನಿಷೇಧ ಇರುವಾಗ ಹಿಡಿದರೆ ತಪ್ಪು ತಪ್ಪೇ. ಬಲೆ ಬಿಡುವವರು ಇಲಾಖೆಯ ಪರವಾನಗಿ ತಗೊಂಡು ಎರಡು ತಿಂಗಳು ಕೈಕಟ್ಟಿ ಕೂರ್ತಾರೆ, ಅದು ಅವರ ಹೊಟ್ಟೆಪಾಡು. ಹವ್ಯಾಸಕ್ಕೆ ಹೋಗುವ ನಾವು ಕೂರೋಕಾಗಲ್ವಾ?

ಇನ್ನೊಂದು ಮಾತು, ಹಿನ್ನೀರಿನ ಒಂದಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯದ ಒಳಗೆ ಬರುತ್ತೆ. ಅಲ್ಲಿ ಯಾವ ಕಾಲಕ್ಕೂ ಗಾಳ ಹಾಕುವಂತಿಲ್ಲ. ನೀರು ಏರಿದಾಗ ಗಡಿ ಕಲ್ಲು ಕಾಣಲ್ಲ, ಕೇಳಿಕೊಂಡು ಹೋಗಿ.

ಪೇಟೆ ಹುಡುಗ
ಯಾರಾದರೂ ಇಂಬಳಕ್ಕೆ ಮದ್ದು ಹೇಳ್ತೀರಾ? ಮೀನು ಆಮೇಲೆ. ಹುಲ್ಲಿನ ಅಂಚಲ್ಲಿ ನಿಲ್ಲಿ ಅಂತ ನೀವು ಹೇಳಿದ್ದಕ್ಕೆ ನಿಂತೆ, ಕಾಲು ತುಂಬಾ ರಕ್ತ.

ತುಮರಿ ಕಡೆಯವ
ಹೊಗೆಸೊಪ್ಪು, ಸುಣ್ಣ ನೀರಲ್ಲಿ ಕದಡಿ ಕಾಲುಚೀಲಕ್ಕೆ ಹಚ್ಚಿ.

ಎರೆಹುಳು ಒಂದೇ
ಬಟ್ಟೆ ಸೋಪು ಒಣಗಿದ್ದು ಕಾಲಿಗೆ ತಿಕ್ಕಿ. ಕಚ್ಚಿದ್ದನ್ನು ಎಳೆಯಬೇಡಿ, ಉಪ್ಪು ತೋರಿಸಿ, ತಾನೇ ಬೀಳುತ್ತೆ.

ಸುಮ್ನೆ ಬಂದವ
ಅದನ್ನೇ ಗಾಳಕ್ಕೆ ಚುಚ್ಚಿ. ಎರೆಯೂ ಆಯ್ತು, ಸೇಡೂ ಆಯ್ತು.

ಎರೆಹುಳು ಒಂದೇ
ತಮಾಷೆ ಅಲ್ಲ, ಕೆಲವರು ನಿಜವಾಗಿಯೂ ಚುಚ್ಚುತ್ತಾರೆ.

ಮುಳುಗಡೆ ಮೊಮ್ಮಗಳು
ಕಾಲಲ್ಲಿ ಗಾಯ ಇದ್ದರೆ ಗದ್ದೆ ಅಂಚಿನ ಕೊಳಕು ನೀರಿಗೆ ಇಳಿಯಬೇಡಿ. ಇಲಿಜ್ವರ ಬರುವುದು ಹಾಗೇ. ಗಂಬೂಟು ಹಾಕಿ. ಜ್ವರ, ಮೈಕೈ ನೋವು ಬಂದರೆ "ಹಿನ್ನೀರಲ್ಲಿ ನಿಂತಿದ್ದೆ" ಅಂತ ಡಾಕ್ಟರ ಹತ್ತಿರ ಹೇಳಿ. ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ.

ಉಕ್ಕಡ
ಎಲ್ಲರೂ ದಡದ ಮಾತು ಆಡುತ್ತಿದ್ದೀರಿ, ದೋಣಿಯವರಿಗೆ ಎರಡು ಮಾತು. ಬೇಸಿಗೆಯಲ್ಲಿ ಬೊಡ್ಡೆ ಕಣ್ಣಿಗೆ ಕಾಣುತ್ತೆ, ತಪ್ಪಿಸಬಹುದು. ಈಗ ಅದು ನೀರಿನ ಕೆಳಗೆ ಒಂದು ಗೇಣಿನಲ್ಲಿ ಇರುತ್ತೆ. ಹಿನ್ನೀರಿಗೆ ಬಿದ್ದ ಕಾಡಿನ ಮರ ಅರವತ್ತು ವರ್ಷ ಆದರೂ ಕೊಳೆತಿಲ್ಲ, ಕಬ್ಬಿಣದಷ್ಟು ಗಟ್ಟಿ. ನಮ್ಮ ಉಕ್ಕಡದ ತಳ ಒಂದು ಸಲ ಹಾಗೇ ಸೀಳಿತು. ದಡ ಹತ್ತಿರ ಇತ್ತು, ಬದುಕಿದೆವು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಹಿನ್ನೀರಲ್ಲಿ ಅಲೆ ಏಳುತ್ತೆ, ಹೊರಗಿನವರು ನಂಬಲ್ಲ. ಲೈಫ್ ಜಾಕೆಟ್ ಇಲ್ಲದೆ ಕಾಲಿಡಬೇಡಿ. ಈಜು ಬರುತ್ತೆ ಅಂತ ಜಂಬ ಬೇಡ. ತಂಗೂಸಿ ದಾರ ಕಾಲಿಗೆ ಸುತ್ತಿಕೊಂಡರೆ ಈಜೂ ಇಲ್ಲ ಗೀಜೂ ಇಲ್ಲ.

ಡ್ಯಾಮಿನ ಕೆಳಗೆ ಹೊಳೆಯಲ್ಲಿ ಗಾಳ ಹಾಕುವವರು ಸೈರನ್ ಕೇಳಿದ ಕೂಡಲೇ ಎದ್ದು ಬರಬೇಕು. ಇನ್ನೊಂದು ಮೀನು ಹಿಡಿದು ಬರ್ತೇನೆ ಅನ್ನಬಾರದು.

ಹಿಂಡಿ ಅಂಗಡಿ
ಬೊಡ್ಡೆಗೆ ಗಾಳ ಸಿಕ್ಕಿ ಕಳೆದುಕೊಳ್ಳುವವರಿಗೆ ಒಂದು ಉಪಾಯ. ಸೀಸವನ್ನು ಮುಖ್ಯ ದಾರಕ್ಕೆ ಕಟ್ಟಬೇಡಿ. ಒಂದು ಗೇಣು ತೆಳು ದಾರದಲ್ಲಿ ಬೇರೆ ಕಟ್ಟಿ ಇಳಿಬಿಡಿ. ಸಿಕ್ಕಿಕೊಳ್ಳುವುದು ಜಾಸ್ತಿ ಸೀಸವೇ. ಎಳೆದಾಗ ತೆಳು ದಾರ ಕಿತ್ತು ಸೀಸ ಮಾತ್ರ ಹೋಗುತ್ತೆ, ಗಾಳ, ಬೆಂಡು, ಮೀನು ಉಳಿಯುತ್ತೆ.

ಪೇಟೆ ಹುಡುಗ
ಸಿಗಂದೂರು ಕಡೆ ಯಾರಾದರೂ ಹಾಕ್ತೀರಾ? ಸೇತುವೆ ಆದ ಮೇಲೆ ಸುಲಭ ಅಲ್ವಾ.

ತುಮರಿ ಕಡೆಯವ
2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು, ನಮಗೆ ಬದುಕು ಬಂತು. ಗರ್ಭಿಣಿಯರನ್ನು, ಕಾಯಿಲೆಯವರನ್ನು ಲಾಂಚಿಗೆ ಕಾಯಿಸಿ ಕೂರಿಸಿದ್ದು ನಮಗೇ ಗೊತ್ತು. ಆದರೆ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಗಾಳ ಬಿಡೋದು, ಸೆಲ್ಫಿ ತೆಗೆಯೋದು ದಯವಿಟ್ಟು ಬೇಡ. ಅಂಬಾರಗೋಡ್ಲು ಕಡೆಯ ದಡ, ಕಳಸವಳ್ಳಿ ಕಡೆಯ ದಡ ಎರಡೂ ಬೇಕಾದಷ್ಟಿದೆ.

ಸುಮ್ನೆ ಬಂದವ
ಲಾಂಚಿಗೆ ಕಾಯುವಾಗ ಹೊಳೆಬಾಗಿಲಲ್ಲಿ ಗಾಳ ಹಾಕೋಕೆ ಸಮಯ ಸಿಗುತ್ತಿತ್ತು. ಈಗ ಅದೊಂದು ನಷ್ಟ.

ತುಮರಿ ಕಡೆಯವ
ಬೇಸಿಗೆಯಲ್ಲಿ ನೀರಿಳಿದು ಲಾಂಚಿಗೆ ಗಾಡಿ ಹತ್ತಿಸದೆ ಇದ್ದಾಗ ಬಂದಿದ್ದರೆ ಆ ನಷ್ಟದ ಮಾತು ಆಡುತ್ತಿರಲಿಲ್ಲ ನೀವು.

ಕಪ್ಪೆ ಗಾಳ
ಕೊರವ ಮೀನಿನ ಬಗ್ಗೆ ಯಾರೂ ಬರೆದಿಲ್ಲ. ಹೊಸದಾಗಿ ಮುಳುಗಿದ ಗದ್ದೆಯಲ್ಲಿ, ಕಳೆ ನಡುವೆ ಅದರದ್ದೇ ರಾಜ್ಯ. ಅದು ಗಾಳಿ ಕುಡಿಯಲು ಮೇಲೆ ಬರಲೇಬೇಕು. ಆ "ಗುಳುಕ್" ಶಬ್ದ ಕೇಳಿದ ಕಡೆ ರಬ್ಬರ್ ಕಪ್ಪೆ ಎಸೆದು ಕಳೆಯ ಮೇಲೆ ಕುಪ್ಪಳಿಸಿಕೊಂಡು ಎಳೆಯಿರಿ. ಹೊಡೆದ ತಕ್ಷಣ ಎಳೆಯಬೇಡಿ, ಒಂದು ಉಸಿರು ಬಿಟ್ಟು ಎಳೆಯಿರಿ.

ಆದರೆ ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಆ ಜಾಗ ಬಿಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಸಿಟ್ಟಿಗೆ ಏನು ಎಸೆದರೂ ಹೊಡೆಯುತ್ತವೆ. ಹಿಡಿಯೋದು ಬಹಳ ಸುಲಭ. ಅವು ಹೋದ ಮೇಲೆ ಅಷ್ಟೂ ಮರಿ ಬೇರೆ ಮೀನಿನ ಬಾಯಿಗೆ.

ಹೊಸನಗರ ಗಾಳ
ಇವತ್ತು ಬೆಳಿಗ್ಗೆ ಹೋಗಿದ್ದೆ. ಹಿಂದೆ ನಿಂತು ನೋಡಿದೆ, ಹುಲ್ಲು ಅಲ್ಲಾಡಿದ್ದು ಕಂಡಿತು. ಸೀಸ ತೆಗೆದು ಎರೆಹುಳು ಹಾಕಿದೆ. ಎರಡು ಗೆಂಡೆ, ಒಂದು ಮುಕ್ಕಾಲು ಕೆ.ಜಿ. ಇರಬಹುದು. ಆಮೇಲೆ ಏಡಿ. ಆಮೇಲೆ ಮತ್ತೆ ಏಡಿ.

ಹಿಂಡಿ ಅಂಗಡಿ
ನಾನು ಏನೂ ಹೇಳಲ್ಲ.

ಹೊಸನಗರ ಗಾಳ
ಈಗ ಬೇರೆ ಸಮಸ್ಯೆ. ಮೀನು ಮಣ್ಣಿನ ವಾಸನೆ ಹೊಡೀತಿದೆ, ಅಮ್ಮ ಒಳಗೆ ಬಿಡ್ತಿಲ್ಲ. ಶ್ರಾವಣ ಮುಗಿದಿದೆ, ಆ ನೆಪ ಇಲ್ಲ.

ಕೂಣಿ ಗೌಡ
ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ಉಜ್ಜಿ ತೆಗೀರಿ. ಉಪ್ಪು, ಅರಿಶಿಣ, ಹುಣಸೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಎರಡು ಸಲ ತೊಳೀರಿ. ಸಾರಿಗೆ ವಾಟೆಹುಳಿ ಹಾಕಿ, ಹುಣಸೆ ಬೇಡ. ಅಕ್ಕಿ ರೊಟ್ಟಿ ಜೊತೆ.

ಮುಳುಗಡೆ ಮೊಮ್ಮಗಳು
ವಾಟೆಹುಳಿ ಸರಿ. ಆದರೆ ಸಾರು ಮಾಡಿದ ದಿನ ತಿನ್ನಬಾರದು, ಮಾರನೇ ದಿನ.

ಕೂಣಿ ಗೌಡ
ಕಡುಬಿನ ಜೊತೆ ಮಾರನೇ ದಿನ. ರೊಟ್ಟಿಗೆ ಅದೇ ದಿನ.

ಪೇಟೆ ಹುಡುಗ
ನಿನ್ನೆ ಸಂಜೆ ನನಗೂ ಒಂದು ಸಿಕ್ಕಿತು, ಫೋಟೊ ಹಾಕಿದ್ದೇನೆ ನೋಡಿ. ಚರ್ಮ ನುಣ್ಣಗೆ, ಉದ್ದ ಮೀಸೆ, ತಲೆ ಚಪ್ಪಟೆ, ಮೈಮೇಲೆಲ್ಲ ಕಪ್ಪು ಚುಕ್ಕೆ. ಇನ್ನೂ ಬಕೆಟ್‌ನಲ್ಲಿ ಜೀವಂತ ಇದೆ. ನಮ್ಮ ಊರಿನ ಮುರುಗೋಡು ಅಂದುಕೊಂಡು ವಾಪಸ್ ಬಿಡೋಣ ಅಂತಿದ್ದೇನೆ.

ಮೀನುಮರಿ ಮೇಷ್ಟ್ರು
ಬಿಡಬೇಡಿ! ಅದು ಆಫ್ರಿಕನ್ ಕ್ಯಾಟ್‌ಫಿಶ್ ಥರ ಕಾಣುತ್ತಿದೆ. ದೇಶದಲ್ಲಿ ಸಾಕಣೆಗೇ ನಿಷೇಧ ಇರುವ ಮೀನು. ಹೊಂಡದಿಂದ ತಪ್ಪಿಸಿಕೊಂಡು ನೆರೆ ನೀರಲ್ಲಿ ಹೊಳೆ ಸೇರುತ್ತೆ, ಸೇರಿದ ಮೇಲೆ ನಮ್ಮ ಮೀನನ್ನೆಲ್ಲ ತಿನ್ನುತ್ತೆ. ತಲೆಯ ಹಿಂಭಾಗ ಮೇಲಿನಿಂದ ಕಾಣುವ ಹಾಗೆ ಇನ್ನೊಂದು ಫೋಟೊ ಹಾಕಿ, ಮೂಳೆಯ ಆಕಾರ ನೋಡಿ ಹೇಳುತ್ತೇನೆ. ಎಲ್ಲಿ ಸಿಕ್ಕಿತು ಅನ್ನೋದನ್ನು ಮೀನುಗಾರಿಕೆ ಇಲಾಖೆಗೂ ತಿಳಿಸಿ. ಅಲ್ಲಿಯವರೆಗೆ ಬಕೆಟ್ ಮೇಲೆ ಭಾರ ಇಡಿ. ಅದು ಮುಚ್ಚಳ ತಳ್ಳಿ ನೆಲದ ಮೇಲೆ ತೆವಳಿಕೊಂಡು ಹೋಗುತ್ತೆ.

ಪೇಟೆ ಹುಡುಗ
ಮೇಷ್ಟ್ರೇ, ಬಕೆಟ್ ಖಾಲಿ ಇದೆ. ಅಂಗಳದಲ್ಲಿ ಹುಡುಕ್ತಿದ್ದೇವೆ. ಸಿಕ್ಕಿದ ಮೇಲೆ ಫೋಟೊ ಹಾಕ್ತೇನೆ.